ಮೂವತ್ತೈದು ದಾಟಿದರೆ ಇಳಿಯುವ ಕಾರು

ಸುರ್‌ಪುಂತ್
ಡಿಸೆಂಬರ್ 2

ದೊಡ್ಡಪ್ಪ,

ನಿಮ್ಮ ಕಿವಿಗೂ ಫೋನಿಗೂ ಆಗುವುದಿಲ್ಲ ಎಂದು ನರ್ಸಮ್ಮ ಹೇಳಿದರು. ನಿನ್ನೆ ನಾನು "ಕಾರು ಕೂತುಬಿಟ್ಟಿದೆ" ಎಂದು ಮೂರು ಸಲ ಕೂಗಿದೆ. ನೀವು ಮೂರು ಸಲವೂ "ಹೂಂ, ಊಟ ಆಯಿತು" ಎಂದಿರಿ. ಮೂವತ್ತು ವರ್ಷ ಅಂಚೆ ಬಸ್ಸಿನ ಇಂಜಿನ್ನಿನ ಪಕ್ಕ ಕೂತವರ ಕಿವಿ ಹೀಗೇ ಆಗುತ್ತದೇನೋ. ಅದಕ್ಕೇ ಈ ಕಾಗದ.

ಮೊದಲ ಹಿಮ ಬಿತ್ತು, ಒಂದು ಗೇಣು. ಬೆಳಗ್ಗೆ ಬಾಗಿಲು ತೆಗೆದರೆ ನಿಮ್ಮ ಕಾರು ಬಲಗಡೆಯ ಹಿಂದಿನ ಮೂಲೆಯಲ್ಲಿ ಕುಸಿದು, ಕಾಲು ನೊಂದ ಹಸುವಿನಂತೆ ಮಲಗಿತ್ತು. ಇಂಜಿನ್ ಶುರು ಮಾಡಿದೆ. ಕಂಪ್ರೆಸರ್ ನಾಲ್ಕು ನಿಮಿಷ ಗುರುಗುಟ್ಟಿತು. ಆಮೇಲೆ ಹಿಂಭಾಗ ನಿಧಾನವಾಗಿ ಎದ್ದಿತು. ಸ್ಪ್ರಿಂಗ್ ಇರಬೇಕಾದ ಜಾಗದಲ್ಲಿ ಗಾಳಿ ತುಂಬಿದ ರಬ್ಬರ್ ಚೀಲ ಇಟ್ಟವನು ನಮ್ಮ ಊರಿನ ಚಳಿಯನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಮನೆಯ ಏರನ್ನು ಇಳಿಯುವಾಗ ತೊಂದರೆಯಾಗಲಿಲ್ಲ. ಹತ್ತಿಸಲು ಧೈರ್ಯ ಬರಲಿಲ್ಲ. ಕಾರನ್ನು ಡೈರಿಯ ಮುಂದೆ ನಿಲ್ಲಿಸಿ, ಹಾಲಿನ ಕ್ಯಾನುಗಳನ್ನು ತೊಳೆದು, ಸಂಜೆ ನಡೆದೇ ಮನೆಗೆ ಬಂದೆ.

ನಿಮ್ಮ ಪುನರ್ವಸತಿ ಕೇಂದ್ರದ ನೇಗೆಲಿ ಮೇಡಂ ನನಗೂ ಬರೆದಿದ್ದಾರೆ. ಮಂಗಳವಾರ, ಗುರುವಾರ, ಶನಿವಾರ ನಿಮ್ಮನ್ನು ಕೆಳಗಿನ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಿ ವಾಪಸು ತರುವವರು ಯಾರು ಎಂದು ಕೇಳಿದ್ದಾರೆ. ರೋಗಿಗಳನ್ನು ಸಾಗಿಸುವ ವ್ಯಾನಿನವರು ನಮ್ಮ ಮನೆಯ ಏರನ್ನು ನೋಡಿ, ಏಪ್ರಿಲ್‌ವರೆಗೆ ಹತ್ತುವುದಿಲ್ಲ ಎಂದು ಬರೆದುಕೊಟ್ಟಿದ್ದಾರಂತೆ. ನಾನೇ ಕರೆದೊಯ್ಯುತ್ತೇನೆ ಎಂದು ಬರೆದೆ. ಹಿಮದಲ್ಲಿ ಆ ಏರನ್ನು ಒಮ್ಮೆಯೂ ಹತ್ತಿಸಿಲ್ಲ ಎಂದೂ ಬರೆದೆ. ಇದ್ದದ್ದು ಅದೇ.

ನೀವು ಹೇಗೆ ಹತ್ತಿಸುತ್ತಿದ್ದಿರಿ, ಹೇಳಿಕೊಡಿ.

ಬ್ರೈದಾ


ಸರೋವರದ ದಂಡೆಯ ಕೇಂದ್ರ, ಕೋಣೆ 14
ಡಿಸೆಂಬರ್ 6

ಬ್ರೈದಾ,

ನೇಗೆಲಿಗೆ ಅಷ್ಟೆಲ್ಲ ಬರೆಯುವ ಅಗತ್ಯ ಏನಿತ್ತು? "ನಾನೇ ಕರೆದೊಯ್ಯುತ್ತೇನೆ" ಎಂಬಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಆಕೆ ನಿನ್ನ ಕಾಗದ ಹಿಡಿದುಕೊಂಡು ಬಂದು ನನ್ನ ಹಾಸಿಗೆಯ ತುದಿಯಲ್ಲಿ ಕೂತಳು. ಒಳ್ಳೆಯ ಹೆಂಗಸೇ. ಆದರೆ ಎಲ್ಲವನ್ನೂ ಎರಡೆರಡು ಸಲ ಕೇಳುತ್ತಾಳೆ.

"ಯಾಖೆನ್ ಅವ್ರೇ, ಚಳಿಗಾಲದಲ್ಲಿ ಆ ಕಾರು ನಿಮ್ಮನೆ ತನಕ ಹೋಗುತ್ತಾ?"

"ಎಂಟು ಚಳಿಗಾಲದಿಂದ ಹೋಗ್ತಾ ಇದೆ ಮೇಡಂ."

"ಪ್ರತಿ ದಿನಾನಾ?"

"ಅಂಚೆ ಬಸ್ ಓಡಿಸಿದೋನು ನಾನು. ಹಿಮ ಬಿತ್ತು ಅಂತ ಅಂಚೆ ನಿಲ್ಲುತ್ತಾ?"

ಬರೆದುಕೊಂಡಳು. ಜನವರಿ ಕೊನೆಯೊಳಗೆ ತೀರ್ಮಾನವಂತೆ. ಓಡಾಟದ ವ್ಯವಸ್ಥೆ ಖಾತ್ರಿಯಾಗದಿದ್ದರೆ ನನ್ನನ್ನು ಕಣಿವೆಯ ಕೆಳಗಿನ ವೃದ್ಧಾಶ್ರಮಕ್ಕೆ ಹಾಕುತ್ತಾರೆ. ಆ ಜಾಗ ನೋಡಿದ್ದೇನೆ. ಒಂದೇ ಕೋಣೆಯಲ್ಲಿ ಇಬ್ಬರು, ರೇಡಿಯೊ ಕೇಳಬೇಕಾದರೆ ಕಿವಿಗೆ ತಂತಿ ಸಿಕ್ಕಿಸಿಕೊಳ್ಳಬೇಕು. ನನಗೆ ನನ್ನ ಅಡುಗೆಮನೆಯ ಮೇಜು ಬೇಕು. ರೇಡಿಯೊ ಜೋರಾಗಿ ಹಾಕಬೇಕು, ಯಾರೂ ಗೋಡೆ ಬಡಿಯಬಾರದು. ಅಷ್ಟೇ ಸಾಕು.

ಕಾರಿನ ವಿಷಯ. ಮೊದಲು ಗುಂಡಿ ಒತ್ತಿ ಕಾರನ್ನು ಪೂರ್ತಿ ಮೇಲೆತ್ತು. ದೀಪ ಮಿಣುಕುವುದು ನಿಲ್ಲುವ ತನಕ ಕಾಯಿ. ಆಮೇಲೆ ಡೈರಿಯ ಹತ್ತಿರದಿಂದ ಓಟ ಕೊಡು. ಐವತ್ತು ಇರಲಿ. ಹಿಮ ತಳ್ಳುವ ಗಾಡಿ ನಮ್ಮ ದಾರಿಯ ಬಾಯಿಯಲ್ಲಿ ಬಿಟ್ಟು ಹೋಗುವ ದಿಬ್ಬವನ್ನು ಆ ಓಟದಲ್ಲೇ ಸೀಳಿಕೊಂಡು ಹೋಗಬೇಕು. ಲಾರ್ಚ್ ಮರದ ತಿರುವಿನಲ್ಲಿ ಕಾಲು ಎತ್ತಬೇಡ. ಏರಿನಲ್ಲಿ ನಿಂತೆಯೋ ಕೆಟ್ಟೆ. ಸುರ್‌ಪುಂತಿನಲ್ಲಿ ಯಾರನ್ನು ಬೇಕಾದರೂ ಕೇಳು, ಇದನ್ನೇ ಹೇಳುತ್ತಾರೆ. ಆ ಹಿಮದ ಗಾಡಿಯ ಕುರ್ದಿನ್ ಒಬ್ಬನನ್ನು ಮಾತ್ರ ಕೇಳಬೇಡ.

ದೊಡ್ಡಪ್ಪ


ಸುರ್‌ಪುಂತ್
ಡಿಸೆಂಬರ್ 12

ದೊಡ್ಡಪ್ಪ,

ಕೆಟ್ಟ ಸುದ್ದಿ ಮೊದಲು. ಕಾರಿನ ಮುಂದಿನ ಬಂಪರ್ ಎಡಗಡೆ ಒಡೆದಿದೆ. ನಾನೇ ಒಡೆದದ್ದು.

ನೀವು ಹೇಳಿದಂತೆಯೇ ಮಾಡಿದೆ. ಪೂರ್ತಿ ಎತ್ತಿದೆ, ದೀಪ ನಿಂತಿತು, ಡೈರಿಯಿಂದ ಓಟ ಕೊಟ್ಟೆ. ಮುಳ್ಳು ನಲವತ್ತೆಂಟರಲ್ಲಿತ್ತು. ದಿಬ್ಬ ಹತ್ತಿರ ಬರುತ್ತಿದ್ದಂತೆ ನನ್ನ ಹೊಟ್ಟೆಯೊಳಗೆ ಏನೋ ಇಳಿದ ಹಾಗಾಯಿತು. ಹೆದರಿಕೆ ಎಂದುಕೊಂಡೆ. ಆದರೆ ಇಳಿದದ್ದು ಕಾರು. ದಿಬ್ಬ ಅದರ ಹೊಟ್ಟೆಗೆ ತಾಗಿತು. ನಾಲ್ಕು ಚಕ್ರವೂ ಸುಮ್ಮನೆ ತಿರುಗುತ್ತಿದ್ದವು. ಮೊಟ್ಟೆಗೆ ಕಾವು ಕೂತ ಕೋಳಿಯ ಹಾಗೆ ಕಾರು ದಿಬ್ಬದ ಮೇಲೆ ಕೂತಿತ್ತು.

ಕುರ್ದಿನ್ ಮಾಮ ಟ್ರ್ಯಾಕ್ಟರ್ ತಂದರು. ನಾನು ಕರೆಯಲಿಲ್ಲ. ಆ ದಿಬ್ಬ ಅವರ ಗಾಡಿ ಬಿಟ್ಟದ್ದೇ.

"ಏನಮ್ಮಾ ಪಟ್ಟಣದೋಳೇ, ಹಾರ್‌ಬಿಡೋಣ ಅಂತಿದ್ಯಾ?"

"ದೊಡ್ಡಪ್ಪ ಹೇಳಿದ ಹಾಗೇ ಮಾಡಿದ್ದು ಮಾಮ."

"ಯಾರು, ಯಾಖೆನ್ನಾ? ಯಾಖೆನ್ ಹೇಳಿದ್ನಾ, ಓಟ ಕೊಡು ಅಂತ?" ಎಂದು ಟ್ರ್ಯಾಕ್ಟರಿನ ಮೇಲೆ ಕೂತು ನಕ್ಕರು. ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಅಷ್ಟು ನಗುವಂಥದ್ದು ಏನಿತ್ತೋ ನನಗೆ ತಿಳಿಯಲಿಲ್ಲ. ಹಗ್ಗ ಬಿಚ್ಚುವಾಗ, "ದಿಬ್ಬ ತೆಗಿಯೋದು ಮನೆಯೋರ ಕೆಲ್ಸ, ನಂದಲ್ಲ. ಸಲಿಕೆ ಇದ್ಯಾ, ಇಲ್ಲ ಅದನ್ನೂ ನಾನೇ ಕೊಡ್ಬೇಕಾ?" ಎಂದರು. ಸಲಿಕೆ ಇತ್ತು. ತೆಗೆದೆ.

ಆಮೇಲೆ ಕಾರಿನ ಪೆಟ್ಟಿಗೆಯಲ್ಲಿದ್ದ ಪುಸ್ತಕ ಓದಿದೆ. ಎಂಬತ್ತೊಂಬತ್ತನೆಯ ಪುಟದಲ್ಲಿ ಬರೆದಿದೆ: ಮೇಲೆತ್ತಿದ ಕಾರು ಮೂವತ್ತೈದು ಕಿಲೋಮೀಟರ್ ವೇಗ ದಾಟಿದ ಕೂಡಲೇ ತಾನಾಗಿ ಮಾಮೂಲಿ ಎತ್ತರಕ್ಕೆ ಇಳಿಯುತ್ತದೆ. ಎತ್ತರದಲ್ಲಿ ವೇಗವಾಗಿ ಹೋದರೆ ಪಲ್ಟಿಯಾದೀತೆಂದು ಕಾರಿಗೇ ಭಯ. ಅಂದರೆ ಓಟ ಕೊಟ್ಟಷ್ಟೂ ಹೊಟ್ಟೆ ಕೆಳಗೆ. ಊರಿನವರೆಲ್ಲ ಹೇಳುವ ಓಟ ಸ್ಪ್ರಿಂಗ್ ಇರುವ ಕಾರಿಗೆ ಸರಿ. ಇದಕ್ಕಲ್ಲ.

ಹಾಗಾದರೆ ಎಂಟು ವರ್ಷ ನೀವು ಹೇಗೆ ಹತ್ತಿಸಿದಿರಿ? ಏನೋ ಒಂದು ಉಪಾಯ ಇರಬೇಕು, ನೀವು ಬರೆಯಲು ಮರೆತಿದ್ದೀರಿ.

ಬ್ರೈದಾ


ಕೋಣೆ 14
ಡಿಸೆಂಬರ್ 17

ಬ್ರೈದಾ,

ಉಪಾಯ ಏನೂ ಇಲ್ಲ. ಕೈಯಲ್ಲಿ ಬರಬೇಕು. ನಿನ್ನ ಕೈ ಇನ್ನೂ ಎಳೆಯದು.

ಪುಸ್ತಕ ಓದಿ ಕಾರು ಓಡಿಸಿದವರನ್ನು ನಾನು ನೋಡಿಲ್ಲ. ಕುರ್ದಿನ್ ನಮ್ಮ ಕಾರು ಮುಟ್ಟುವುದು ಬೇಡ. ಅವನ ಜೊತೆ ಮಾತೂ ಬೇಡ.

ಇಲ್ಲಿ ದಿನಕ್ಕೆ ಮೂರು ಲೋಟ ನೀರು, ಅದರಲ್ಲೇ ಸೂಪೂ ಸೇರಿತು. ಬಾರ್ಲಿ ಸೂಪು ಅರ್ಧ ಬಟ್ಟಲು ಕೊಡುತ್ತಾರೆ, ಉಪ್ಪಿಲ್ಲದ್ದು. ಪಕ್ಕದ ಹಾಸಿಗೆಯವನು ತನ್ನ ಹೆಂಡತಿ ತಂದ ಅಕ್ರೋಟಿನ ಕೇಕನ್ನು ನನ್ನ ಮುಂದೆಯೇ ಮೂಸಿ ನೋಡಿ ವಾಪಸು ಕೊಟ್ಟ. ಅವನಿಗೂ ತಿನ್ನುವ ಹಾಗಿಲ್ಲ.

ನೀನು ಶಾಲೆ ಬಿಟ್ಟ ಹಾಗೆ ಇದನ್ನೂ ಬಿಡಬೇಕೆಂದಿದ್ದರೆ ಈಗಲೇ ಬಿಟ್ಟುಬಿಡು. ಖೂರ್ ಪಟ್ಟಣಕ್ಕೆ, ನಿನ್ನ ಅಪ್ಪನ ಹತ್ತಿರ ಹೋಗು. ನಡುಚಳಿಯಲ್ಲಿ ಕೈಕೊಡುವುದಕ್ಕಿಂತ ಅದು ವಾಸಿ. ನನ್ನ ಕಾಲುಗಳು ಈಗ ಕೋಣೆಯ ಬಾಗಿಲವರೆಗೆ ಹೋಗುತ್ತವೆ, ಅದೂ ಗಾಲಿಯ ಚೌಕಟ್ಟು ಹಿಡಿದು. ನನಗೆ ಬೇರೆ ದಾರಿ ಹುಡುಕಿಕೊಳ್ಳಲು ಸಮಯ ಬೇಕಲ್ಲ.

ದೊಡ್ಡಪ್ಪ


ಸುರ್‌ಪುಂತ್
ಡಿಸೆಂಬರ್ 30

ದೊಡ್ಡಪ್ಪ,

ಹದಿಮೂರು ದಿನ ಬರೆಯಲಿಲ್ಲ. ಸಿಟ್ಟು ಬಂದಿತ್ತು. ಈಗಲೂ ಇದೆ, ಸ್ವಲ್ಪ ಕಮ್ಮಿಯಾಗಿದೆ.

ಶಾಲೆ ಯಾಕೆ ಬಿಟ್ಟೆ ಎಂದು ನೀವು ಯಾವತ್ತೂ ಕೇಳಲಿಲ್ಲ. ಅದಕ್ಕೇ ಈ ಬೇಸಿಗೆಯಲ್ಲಿ ನಿಮ್ಮ ಮನೆಗೆ ಬಂದೆ. ಈಗ ನಾನೇ ಹೇಳುತ್ತೇನೆ. ಭೌತಶಾಸ್ತ್ರದ ಪ್ರಯೋಗದಲ್ಲಿ ನನಗೆ ಬಂದ ಉತ್ತರ ಪುಸ್ತಕದ ಉತ್ತರಕ್ಕೆ ತಾಳೆಯಾಗಲಿಲ್ಲ. ಎಲ್ಲರೂ ಪುಸ್ತಕದ್ದನ್ನೇ ಬರೆದರು. ನಾನು ಬಂದದ್ದನ್ನು ಬರೆದೆ. ತಿದ್ದಿ ಬರೆ ಎಂದರು, ಬರೆಯಲಿಲ್ಲ. ಅಲ್ಲಿಂದ ಒಂದೊಂದೇ ಬೆಳೆಯಿತು. ಒಂದು ಜಾಗದಲ್ಲಿ ಕೂರಲಾಗದ ಹುಡುಗಿ ಎಂದರು, ಅದೂ ನಿಜವೇ. ಆದರೆ ಕೈಕೊಡುವವಳಲ್ಲ.

ಈಗ ನಿಮ್ಮ ವಿಷಯ. ಅಂಗಡಿಯಲ್ಲಿ ಬ್ರೆಡ್ಡಿಗೆ ನಿಂತಿದ್ದೆ. ಕುರ್ದಿನ್ ಮಾಮ ಹಿಂದೆಯೇ ಇದ್ದರು.

"ಏನು, ಇವತ್ತೂ ಓಟ ಕೊಟ್ಯಾ?"

"ನಗ್ಬೇಡಿ ಮಾಮ. ದೊಡ್ಡಪ್ಪ ಎಂಟು ಚಳಿಗಾಲ ಹತ್ತಿಸಿದಾರೆ. ನಾನೂ ಕಲೀತೀನಿ."

ಅಂಗಡಿಯಲ್ಲಿ ಇದ್ದ ಮೂವರೂ ತಿರುಗಿ ನನ್ನನ್ನು ನೋಡಿದರು. ಕುರ್ದಿನ್ ಮಾಮ ಈ ಸಲ ನಗಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಅಮ್ಮಾ, ನಿಂಗೆ ಗೊತ್ತಿಲ್ವಾ? ನಿಮ್ಮ ದೊಡ್ಡಪ್ಪ ಹಿಮ ಬಿದ್ಮೇಲೆ ಒಂದಿನಾನೂ ಆ ಕಾರು ಹತ್ತಿಸಿಲ್ಲ. ನನ್ನ ಶೆಡ್ ಮುಂದೆ ನಿಲ್ಲಿಸಿ ನಡ್ಕೊಂಡು ಹೋಗ್ತಿದ್ದ. ನನ್ನ ಗಾಡಿ ಹೊರಗೆ ತೆಗಿಯೋಕೆ ಆಗ್ತಿರ್ಲಿಲ್ಲ. ಅದಕ್ಕೇ ಅಲ್ವಾ ನಾವಿಬ್ರೂ ಮಾತು ಬಿಟ್ಟಿದ್ದು? ಒಂದ್ಸಲ ಸಿಟ್ಟಲ್ಲಿ ಕಾರು ಕಾಣದ ಹಾಗೆ ಹಿಮ ತುಂಬಿಸಿಬಿಟ್ಟೆ. ಅದು ತಪ್ಪೇ. ಆದ್ರೆ ಹತ್ತಿಸ್ದ ಅನ್ನೋದು ಸುಳ್ಳು."

ಊರಿಗೆಲ್ಲ ಗೊತ್ತಿದ್ದದ್ದು ನನಗೊಬ್ಬಳಿಗೆ ಗೊತ್ತಿರಲಿಲ್ಲ. ನೇಗೆಲಿ ಮೇಡಂಗೂ ಗೊತ್ತಿಲ್ಲ.

ಒಂದೇ ಪ್ರಶ್ನೆ. ಐವತ್ತರಲ್ಲಿ ಹೋಗು ಎಂದು ನನಗೆ ಯಾಕೆ ಹೇಳಿದಿರಿ? ನನ್ನ ತಲೆ ಒಡೆದಿದ್ದರೆ?

ಬ್ರೈದಾ


ಕೋಣೆ 14
ಜನವರಿ 8

ಬ್ರೈದಾ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದೆ.

ಕಾರು ತಂದ ಮೊದಲ ಚಳಿಗಾಲದಲ್ಲಿ ಒಮ್ಮೆ ಹತ್ತಿಸಲು ಹೋದೆ. ಅದಕ್ಕೆ ಮುಂಚೆ ಇದ್ದ ಹಳೆಯ ಜೀಪಿಗೆ ಓಟ ಕೊಟ್ಟು ಹತ್ತಿಸಿಯೇ ಅಭ್ಯಾಸ. ಹಾಗೆಯೇ ಕೊಟ್ಟೆ. ದಿಬ್ಬದ ಮೇಲೆ ಹೊಟ್ಟೆ ಉಜ್ಜಿಕೊಂಡು ಹೇಗೋ ದಾಟಿದೆ. ತಿರುವಿನಲ್ಲಿ ಕಾರು ಅಡ್ಡಡ್ಡ ಜಾರಿ ಲಾರ್ಚ್ ಮರಕ್ಕೆ ಒಂದು ಮೊಳ ದೂರದಲ್ಲಿ ನಿಂತಿತು. ಮರದ ಆಚೆ ಏನಿದೆ ಎಂದು ನಿನಗೇ ಗೊತ್ತು, ಕೆಳಗಿನ ರಸ್ತೆಯವರೆಗೆ ಬರೀ ಗಾಳಿ. ನಾನು ಸ್ಟೀರಿಂಗ್ ಹಿಡಿದುಕೊಂಡೇ ಕೂತಿದ್ದೆ. ಬೆರಳು ಬಿಡಿಸಿಕೊಳ್ಳಲು ಆಗುತ್ತಿರಲಿಲ್ಲ. ಮೂವತ್ತು ವರ್ಷ ಕಣಿವೆಯ ಮಕ್ಕಳನ್ನೆಲ್ಲ ಕೂರಿಸಿಕೊಂಡು ಬಸ್ಸು ಓಡಿಸಿದವನು ನಾನು. ಓಟ ಸಾಲಲಿಲ್ಲ ಎಂದುಕೊಂಡೆ. ಕಾಲು ಹೆದರಿ ಮೇಲೆದ್ದಿತು, ಕೈ ಮುದಿಯಾಯಿತು ಎಂದುಕೊಂಡೆ. ಮರುದಿನದಿಂದ ಕುರ್ದಿನ್‌ನ ಶೆಡ್ಡಿನ ಮುಂದೆ ನಿಲ್ಲಿಸಿದೆ. ಯಾರಾದರೂ ಕೇಳಿದರೆ ನಡೆದರೆ ಹೃದಯಕ್ಕೆ ಒಳ್ಳೆಯದು ಎನ್ನುತ್ತಿದ್ದೆ.

ನಿನಗೆ ಐವತ್ತು ಎಂದದ್ದು ಅದಕ್ಕೇ. ನನಗಿಲ್ಲದ ಧೈರ್ಯ ನಿನಗಿದೆ, ಓಟ ಪೂರ್ತಿ ಕೊಟ್ಟರೆ ಹತ್ತುತ್ತದೆ ಎಂದು ನಂಬಿದ್ದೆ. ನಿನ್ನ ತಲೆಯ ಯೋಚನೆ ಬರಲಿಲ್ಲ. ಬರಬೇಕಿತ್ತು. ತಪ್ಪಾಯಿತು ಮಗಳೇ.

ನೀನು ಮೂವತ್ತೈದು ಎಂದು ಬರೆದ ಕಾಗದ ಬಂದ ದಿನ ನಾನು ಊಟ ಮಾಡಲಿಲ್ಲ. ಎಂಟು ವರ್ಷ! ನನ್ನ ಕೈ ಕೆಟ್ಟಿರಲಿಲ್ಲ. ಕಾರು ತನ್ನ ಪಾಡಿಗೆ ತಾನು ಇಳಿದಿತ್ತು. ಅದನ್ನು ತಿಳಿಯಲು ಒಂದು ಪುಟ ತಿರುವಿದ್ದರೆ ಸಾಕಿತ್ತು. ಆ ಸಿಟ್ಟನ್ನು ನಿನ್ನ ಮೇಲೆ ಹಾಕಿದೆ. ಶಾಲೆಯ ಮಾತನ್ನೂ ಎತ್ತಿದೆ. ಅದನ್ನು ಮರೆತುಬಿಡು ಎಂದು ಕೇಳುವ ಮುಖ ನನಗಿಲ್ಲ.

ನೇಗೆಲಿ ಇಪ್ಪತ್ತೆರಡಕ್ಕೆ ಸುರ್‌ಪುಂತಿಗೆ ಬರುತ್ತಾಳೆ. ನಾನು ಆಕೆಗೆ ಹೇಳಿದ್ದು ನಿನಗೆ ಗೊತ್ತು. ಅದನ್ನು ಈಗ ತೆಗೆದರೆ ಎಲ್ಲವೂ ಮುಗಿಯಿತು. ದಯವಿಟ್ಟು ಸುಮ್ಮನಿರು. ಇದೊಂದೇ ಕೇಳುತ್ತೇನೆ.

ದೊಡ್ಡಪ್ಪ


ಸುರ್‌ಪುಂತ್
ಜನವರಿ 19

ದೊಡ್ಡಪ್ಪ,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಸಿಟ್ಟು ಹೋಯಿತು. ಸುಮ್ಮನಿರುವ ವಿಷಯಕ್ಕೆ ಉತ್ತರ ಈಗ ಬರೆಯುವುದಿಲ್ಲ, ಯಾಕೆಂದರೆ ನನಗೇ ಇನ್ನೂ ಗೊತ್ತಿಲ್ಲ.

ಕಾರಿನ ಬಗ್ಗೆ ಮಾತ್ರ ಗೊತ್ತು. ಹಿಮ ಬಿದ್ದ ಹತ್ತು ದಿನ ಹತ್ತಿಸಲು ನೋಡಿದೆ. ಮೊದಲ ದಿನಗಳಲ್ಲಿ ಪೂರ್ತಿ ಎತ್ತಿ, ನಡೆಯುವ ವೇಗದಲ್ಲಿ ಹೋದೆ. ದಿಬ್ಬವನ್ನು ರಾಣಿಯ ಹಾಗೆ ದಾಟಿತು. ತಿರುವಿನಲ್ಲಿ ಮಾತ್ರ ಚಕ್ರ ತಿರುಗಿ ನಿಲ್ಲುತ್ತಿತ್ತು. ಕುರ್ದಿನ್ ಮಾಮ ಕೆಳಗೆ ನಿಂತು ನೋಡುತ್ತಿದ್ದರು. ನೀವು ಮಾತು ಬೇಡ ಎಂದಿದ್ದೀರಿ, ಆದರೆ ಅವರೇ ಕೂಗುತ್ತಾರೆ.

"ಏಯ್, ನಿನ್ನ ಎಡಗಡೆ ಚಕ್ರ ಗಾಳೀಲಿ ತಿರುಗ್ತಾ ಇದೆ! ಗಿರಣಿ ಇಟ್ಟಿದ್ಯಾ?"

ಇಳಿದು, ಹಿಮದಲ್ಲಿ ಮಲಗಿ ಕಾರಿನ ಕೆಳಗೆ ನೋಡಿದೆ. ನಿಜ. ಪೂರ್ತಿ ಎತ್ತಿದಾಗ ಚಕ್ರಗಳು ಆಗಲೇ ತಾವು ಚಾಚಬಹುದಾದಷ್ಟು ಕೆಳಗೆ ಚಾಚಿರುತ್ತವೆ. ತಿರುವಿನಲ್ಲಿ ನೆಲ ಓರೆಯಾದಾಗ ಇನ್ನಷ್ಟು ಚಾಚಲು ಜಾಗವಿಲ್ಲ. ಆಗ ಒಂದು ಚಕ್ರ ನೆಲ ಬಿಡುತ್ತದೆ. ಎತ್ತರ ಬೇಕಾದದ್ದು ದಿಬ್ಬಕ್ಕೆ ಮಾತ್ರ. ಹಾಗಾಗಿ ಈಗ ದಿಬ್ಬ ದಾಟಿ, ಸೌದೆ ಕೊಟ್ಟಿಗೆಯ ಮುಂದಿನ ಸಮತಟ್ಟಿನಲ್ಲಿ ನಿಲ್ಲುತ್ತೇನೆ. ಹೌದು, ನಿಲ್ಲುತ್ತೇನೆ. ಕಾರಿನ ಎತ್ತರವನ್ನು ಒಂದು ಮೆಟ್ಟಿಲು ಕೆಳಗಿಳಿಸಿ, ಗಾಳಿ ಬಿಡುವ ಸದ್ದು ಮುಗಿಯುವ ತನಕ ಕಾದು, ಎರಡನೇ ಗೇರಿನಲ್ಲಿ ಒಂದೇ ಸಮನೆ ತಿರುವು ಹತ್ತಿಸುತ್ತೇನೆ. ಡೈರಿಯವರು ಕೆಲಸ ಬಿಟ್ಟು ನೋಡಲು ಬಂದರು. ಸುರ್‌ಪುಂತಿನಲ್ಲಿ ಏರಿನ ನಡುವೆ ಬೇಕೆಂದೇ ನಿಂತವರು ಈವರೆಗೆ ಇರಲಿಲ್ಲವಂತೆ.

ಚಕ್ರದ ಹತ್ತಿರ ಎತ್ತರ ಅಳೆಯುವ ಪುಟ್ಟ ಕಡ್ಡಿಗಳಿವೆ. ಅವಕ್ಕೆ ಮಂಜುಗಡ್ಡೆ ಕಟ್ಟಿದರೆ ಕಾರಿಗೆ ತಾನು ಎಷ್ಟು ಎತ್ತರದಲ್ಲಿದ್ದೇನೆಂದೇ ತಿಳಿಯುವುದಿಲ್ಲ, ಒಂದು ಮೂಲೆ ಮೇಲೆ, ಒಂದು ಮೂಲೆ ಕೆಳಗೆ. ಮೊದಲು ಬಿಸಿನೀರು ಸುರಿದೆ. ಹತ್ತೇ ನಿಮಿಷದಲ್ಲಿ ಆ ನೀರೂ ಗಡ್ಡೆಯಾಗಿ ಇನ್ನಷ್ಟು ಬಿಗಿಯಿತು. ಈಗ ನಿಮ್ಮ ಮರದ ಚಮಚದಿಂದ ಕೆರೆಯುತ್ತೇನೆ. ಬೇರೆ ಚಮಚ ಕೊಳ್ಳುತ್ತೇನೆ, ಬಿಡಿ.

ಈ ಹತ್ತು ದಿನಗಳಲ್ಲಿ ಎಂಟು ದಿನ ಕೊನೆಗೆ ಮನೆ ಮುಟ್ಟಿದೆ. ಎರಡು ದಿನ ಆಗಲೇ ಇಲ್ಲ. ಎರಡೂ ದಿನ ಮೊಣಕಾಲವರೆಗೆ ಹಿಮ ಬಿದ್ದಿತ್ತು.

ಬ್ರೈದಾ


ಸುರ್‌ಪುಂತ್
ಜನವರಿ 22, ಸಂಜೆ

ದೊಡ್ಡಪ್ಪ,

ಇದನ್ನು ಬೇರೆಯವರಿಂದ ಕೇಳುವ ಮೊದಲು ನನ್ನಿಂದಲೇ ಕೇಳಿ.

ನೇಗೆಲಿ ಮೇಡಂ ಬಂದರು. ಆಕಾಶ ತೊಳೆದ ಹಾಗಿತ್ತು. ನಾಲ್ಕು ದಿನದಿಂದ ಹಿಮ ಇಲ್ಲ, ದಾರಿ ಒಣಗಿತ್ತು, ದಿಬ್ಬವೂ ಇರಲಿಲ್ಲ. ಕಾರು ಬಸ್ ನಿಲ್ದಾಣದಿಂದ ಮನೆಯ ಬಾಗಿಲಿಗೆ ಮೂರು ನಿಮಿಷದಲ್ಲಿ ಬಂತು. ಬಾಗಿಲು ತೆಗೆದಾಗ ಅವರು ಇಳಿಯಲು ಅನುಕೂಲವಾಗುವಂತೆ ಕಾರನ್ನು ಪೂರ್ತಿ ತಗ್ಗಿಸಿದೆ. ಅವರಿಗೆ ಅದು ಬಹಳ ಹಿಡಿಸಿತು.

"ಇದೇನ್ರೀ, ಕಾರೇ ಮಂಡಿ ಊರತ್ತಲ್ಲ! ನಿಮ್ಮ ದೊಡ್ಡಪ್ಪನಿಗೆ ಇದಕ್ಕಿಂತ ಅನುಕೂಲ ಏನು ಬೇಕು? ನಾನು ಸುಮ್ನೆ ಹೆದರಿದ್ದೆ. ಇವತ್ತೇ ಸಹಿ ಹಾಕ್ತೀನಿ." ಪೆನ್ನಿನ ಮುಚ್ಚಳವನ್ನೂ ತೆಗೆದಿದ್ದರು.

ನನ್ನ ಬಾಯಿ ತಡೆಯಲಿಲ್ಲ. ತಡೆಯಲು ನೋಡಿದೆ ದೊಡ್ಡಪ್ಪ, ನಿಜವಾಗಿಯೂ ನೋಡಿದೆ. ಚಹಾ ಸೋಸಿದೆ, ಕಿಟಕಿ ಒರೆಸಿದೆ. ಕೊನೆಗೆ ಹೇಳಿಬಿಟ್ಟೆ.

"ಮೇಡಂ, ಇವತ್ತು ಯಾರು ಬೇಕಾದ್ರೂ ಹತ್ತಿಸ್ತಾರೆ. ಹಿಮ ಬಿದ್ದ ದಿನ ಬನ್ನಿ. ಹತ್ತು ದಿನದಲ್ಲಿ ಎರಡು ದಿನ ನನ್ನ ಕೈಲಿ ಆಗಲ್ಲ. ದೊಡ್ಡಪ್ಪನೂ ಚಳಿಗಾಲದಲ್ಲಿ ಹತ್ತಿಸ್ತಿರ್ಲಿಲ್ಲ. ಕೆಳಗೆ ನಿಲ್ಲಿಸಿ ನಡೀತಿದ್ರು."

ಅವರು ಪೆನ್ನಿಗೆ ಮುಚ್ಚಳ ಹಾಕಿದರು. "ವಾರಕ್ಕೆ ಮೂರು ಸಲ ರಕ್ತ ಶುದ್ಧಿ ಆಗ್ಬೇಕು. ಒಂದು ಸಲ ತಪ್ಪಿದ್ರೆ ಏನಾಗುತ್ತೆ ಗೊತ್ತಾ?" ಎಂದು ಕೇಳಿದರು. ಗೊತ್ತು ಎಂದೆ. ಗೊತ್ತಿರುವುದರಿಂದಲೇ ಹೇಳಿದ್ದು. ಆ ಎರಡು ದಿನಗಳಲ್ಲಿ ಒಂದು ಮಂಗಳವಾರವಾದರೆ, ನೀವು ಮನೆಯಲ್ಲಿ ಕೂತು ಊದಿಕೊಳ್ಳುತ್ತಿದ್ದರೆ, ನಾನು ಕೆಳಗೆ ಸಲಿಕೆ ಹಿಡಿದು ನಿಂತಿರುತ್ತೇನೆ.

ಹಿಮ ಬಿದ್ದ ದಿನ ಮತ್ತೆ ಬರುತ್ತೇನೆ ಎಂದು ಹೋದರು.

ಬ್ರೈದಾ


ಕೋಣೆ 14
ಜನವರಿ 25

ಶಾಲೆಯ ಹಾಗೆ ಇಲ್ಲೂ ನೀನು ನಿನಗೆ ಬಂದ ಉತ್ತರವನ್ನೇ ಬರೆದೆ. ನಿನ್ನ ಮನಸ್ಸಿಗೆ ಸಮಾಧಾನ ಆಯಿತಲ್ಲ.

ವೃದ್ಧಾಶ್ರಮದವರು ಕೋಣೆಯ ಫೋಟೊ ಕಳಿಸಿದ್ದಾರೆ. ಕಿಟಕಿ ಬಸ್ ನಿಲ್ದಾಣದ ಕಡೆಗಿದೆ. ನನಗೆ ಹೊತ್ತು ಹೋಗುತ್ತದೆಂದು ನೇಗೆಲಿಯ ಅಭಿಪ್ರಾಯ.

ಯಾಖೆನ್


ಸುರ್‌ಪುಂತ್
ಫೆಬ್ರವರಿ 4

ದೊಡ್ಡಪ್ಪ,

ನೀವು ಹೆಸರು ಹಾಕಿ ಮುಗಿಸಿದಿರಿ. ನಾನು ದೊಡ್ಡಪ್ಪ ಎಂದೇ ಬರೆಯುತ್ತೇನೆ.

ನಿನ್ನೆ ಮೊಣಕಾಲು ಮುಳುಗುವಷ್ಟು ಹಿಮ. ಬೆಳಗ್ಗಿನ ಬಸ್ಸಿಗೇ ನೇಗೆಲಿ ಮೇಡಂ ಬಂದರು, ಎತ್ತರದ ಬೂಟು ಹಾಕಿಕೊಂಡು. ಪಕ್ಕದ ಸೀಟಿನಲ್ಲಿ ಕೂತರು. ಕಡ್ಡಿಗಳನ್ನು ಕೆರೆದೆ, ಕಾರು ಎತ್ತಿದೆ, ದಿಬ್ಬ ದಾಟಿಸಿದೆ, ಕೊಟ್ಟಿಗೆಯ ಮುಂದೆ ನಿಂತು ಒಂದು ಮೆಟ್ಟಿಲು ಇಳಿಸಿದೆ. ತಿರುವಿನವರೆಗೆ ಹೋಯಿತು. ಅಲ್ಲಿ ಹಿಮವೇ ಬಂಪರಿನ ಮುಂದೆ ಗೋಡೆಯಾಗಿ ನಿಂತಿತು. ನಿಧಾನವಾಗಿ ಹಿಂದಕ್ಕೆ ಇಳಿಸಿ ಮತ್ತೊಮ್ಮೆ ನೋಡಿದೆ. ಅದೇ ಜಾಗ. ಮೂರನೆಯ ಸಲ ನೋಡಲಿಲ್ಲ. ಮರದ ಆಚೆ ಏನಿದೆ ಎಂದು ನೀವೇ ಬರೆದಿದ್ದಿರಿ.

"ಮೇಡಂ, ಇವತ್ತು ಆಗದ ದಿನ" ಎಂದೆ.

ಅವರು ತಮ್ಮ ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡರು. "ನನಗೆ ಬೇಜಾರಾಗ್ತಿದೆ ಬ್ರೈದಾ. ಆದ್ರೆ ಸಹಿ ಹಾಕೋಕಾಗಲ್ಲ."

ಕೆಳಗೆ ಬಂದೆವು. ಕುರ್ದಿನ್ ಮಾಮ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. ನನಗೆ ಅಳು ಬಂದಿತ್ತು, ಅದನ್ನೂ ಬರೆಯುತ್ತೇನೆ. ಅವರು ನನ್ನನ್ನು ನೋಡಲಿಲ್ಲ, ನೇರ ಮೇಡಂ ಹತ್ತಿರ ಬಂದರು.

"ಊರಿನ ರಸ್ತೆ ಇಲ್ಲಿಂದ ಆಸ್ಪತ್ರೆ ತನಕ ನಾನು ಬೆಳಗ್ಗೆ ಆರರೊಳಗೆ ತೆಗೀತೀನಿ. ಇಪ್ಪತ್ತಾರು ವರ್ಷದಲ್ಲಿ ಒಂದಿನ ತಪ್ಪಿಲ್ಲ. ತೊಂದರೆ ಇರೋದು ಇಲ್ಲಿಂದ ಅವನ ಮನೆ ತನಕ ಮಾತ್ರ. ಹೌದೋ ಅಲ್ವೋ?"

"ಹೌದು, ಆದ್ರೆ..."

"ದೊಡ್ಡ ಹಿಮ ಬರೋದು ಹಿಂದಿನ ದಿನಾನೇ ರೇಡಿಯೊದಲ್ಲಿ ಹೇಳ್ತಾರೆ. ಆವತ್ತು ಸಂಜೇನೇ ಈ ಹುಡುಗಿ ಅವನನ್ನ ಇಲ್ಲಿಗೆ ಇಳಿಸ್ಲಿ. ನನ್ನ ಕೆಳಗಿನ ಕೋಣೆ ಖಾಲಿ ಇದೆ. ಮೆಟ್ಟಿಲಿಲ್ಲ. ಎಂಟು ವರ್ಷ ಅವನ ಕಾರು ನನ್ನ ಬಾಗಿಲಲ್ಲಿ ನಿಂತಿತ್ತು. ಇನ್ನು ಅವನೇ ಬಂದು ನಿಲ್ಲಲಿ."

"ಮಾಮ, ನಿಮಗೂ ಅವ್ರಿಗೂ ಮಾತೇ ಇಲ್ವಲ್ಲ" ಎಂದೆ.

"ಮಲಗೋಕೆ ಮಾತ್ಯಾಕೆ? ಹೆಂಗೂ ಅವನಿಗೆ ಕಿವಿ ಕೇಳಲ್ಲ." ಆಮೇಲೆ ನನ್ನ ಕಡೆ ತಿರುಗಿ, "ದಿಬ್ಬ ಮಾತ್ರ ನೀನೇ ತೆಗೀಬೇಕು. ಅದು ಊರಿನ ನಿಯಮ" ಎಂದರು.

ಮೇಡಂ ಆ ಕೋಣೆಯನ್ನು ನೋಡಿದರು. ಬಚ್ಚಲಿನ ಬಾಗಿಲ ಅಗಲವನ್ನು ಟೇಪಿನಲ್ಲಿ ಅಳೆದರು. ಹಾಸಿಗೆಯ ಮೇಲೆ ಕೂತು ಎದ್ದು ನೋಡಿದರು. ಎಲ್ಲವನ್ನೂ ಎರಡೆರಡು ಸಲ ಕೇಳಿದರು, ನೀವು ಹೇಳಿದ ಹಾಗೆಯೇ. ಕೊನೆಗೆ ಹೀಗೆ ಬರೆದರು: ಒಂದು ಗೇಣಿಗಿಂತ ಹೆಚ್ಚು ಹಿಮ ಬೀಳುವ ಮುನ್ಸೂಚನೆ ಇದ್ದರೆ ರೋಗಿ ಹಿಂದಿನ ಸಂಜೆಯಿಂದ ಕುರ್ದಿನ್ ಅವರ ಮನೆಯಲ್ಲಿ ಇರತಕ್ಕದ್ದು, ಏರು ತೆರೆಯುವ ತನಕ ಅಲ್ಲಿಯೇ. ಕುರ್ದಿನ್ ಮಾಮ ಸಹಿ ಹಾಕಿದರು. ನಾನು ಹಾಕಿದೆ. ಅವರೂ ಹಾಕಿದರು. ಇನ್ನು ಖಾಲಿ ಇರುವುದು ನಿಮ್ಮ ಜಾಗ ಒಂದೇ.

ಹತ್ತು ದಿನದಲ್ಲಿ ಎಂಟು ದಿನ ನಿಮ್ಮ ಮೇಜು, ನಿಮ್ಮ ರೇಡಿಯೊ. ಎರಡು ದಿನ ಕುರ್ದಿನ್ ಮಾಮನ ಮನೆ. ಪೂರ್ತಿ ಹತ್ತು ಕೊಡಲು ನನ್ನಿಂದ ಆಗುವುದಿಲ್ಲ. ಆಗುತ್ತದೆ ಎಂದು ಬರೆಯಲೂ ಆಗುವುದಿಲ್ಲ. ಕಾಗದ ಇದರ ಜೊತೆಗೇ ಇದೆ. ನಿಮಗೆ ಬೇಡವೆಂದರೆ ಹರಿದುಹಾಕಿ, ನಾನು ಏನೂ ಅನ್ನುವುದಿಲ್ಲ.

ಬ್ರೈದಾ


ಕೋಣೆ 14
ಫೆಬ್ರವರಿ 9

ಬ್ರೈದಾ, ಮಗಳೇ,

ಕಾಗದ ಮೂರು ದಿನ ನನ್ನ ದಿಂಬಿನ ಕೆಳಗಿತ್ತು. ನೇಗೆಲಿ ದಿನವೂ ಬಂದು ದಿಂಬು ಸರಿಪಡಿಸುವ ನೆಪದಲ್ಲಿ ನೋಡಿ ಹೋಗುತ್ತಿದ್ದಳು. ಬಾಯಿಬಿಟ್ಟು ಏನೂ ಕೇಳಲಿಲ್ಲ. ಆಕೆ ಏನನ್ನಾದರೂ ಒಂದು ಸಲವೂ ಕೇಳದೆ ಇದ್ದದ್ದು ಇದೇ ಮೊದಲು.

ಇವತ್ತು ಸಹಿ ಹಾಕಿದೆ. ಜೊತೆಗೆ ಕಳಿಸಿದ್ದೇನೆ.

ಹದಿನೈದಕ್ಕೆ, ಗುರುವಾರ, ಇಲ್ಲಿಯ ಗಾಡಿ ನನ್ನನ್ನು ಕೆಳಗಿನ ಆಸ್ಪತ್ರೆಗೆ ಬಿಡುತ್ತದೆ. ರಕ್ತ ಶುದ್ಧಿ ನಾಲ್ಕಕ್ಕೆ ಮುಗಿಯುತ್ತದೆ. ಹೊರಗೆ ನಿಂತಿರು. ಆವತ್ತು ಎಂಥ ದಿನವೋ ನನಗೆ ತಿಳಿಯದು. ಹತ್ತುವ ದಿನವಾದರೆ ಮನೆಗೆ ಕರೆದುಕೊಂಡು ಹೋಗು. ಕೊಟ್ಟಿಗೆಯ ಮುಂದೆ ನೀನು ಕಾರು ನಿಲ್ಲಿಸುವಾಗ ನಾನು ಬಾಯಿ ಮುಚ್ಚಿಕೊಂಡು ಕೂತಿರುತ್ತೇನೆ. ಆಗದ ದಿನವಾದರೆ ಅವನ ಮನೆಗೆ.

ಒಂದು ವಿಷಯ ಕುರ್ದಿನ್‌ಗೆ ಈಗಲೇ ಹೇಳಿಬಿಡು, ಆಮೇಲೆ ಮುಚ್ಚಿಟ್ಟ ಎನ್ನುವುದು ಬೇಡ. ನಾನು ಗೊರಕೆ ಹೊಡೆಯುತ್ತೇನೆ. ಜೋರಾಗಿ. ಪಕ್ಕದ ಹಾಸಿಗೆಯವನು ಎರಡು ಸಲ ಕೋಣೆ ಬದಲಿಸಿ ಎಂದು ಬರೆದುಕೊಟ್ಟಿದ್ದಾನೆ. ನನಗೆ ಕೇಳಿಸುವುದಿಲ್ಲ, ಅವನಿಗೆ ಕೇಳಿಸುತ್ತದೆ.

ಅಷ್ಟು ತಿಳಿದ ಮೇಲೂ ಹಾಸಿಗೆ ಹಾಸುತ್ತಾನಾ, ಕೇಳಿ ಬರೆ.

ದೊಡ್ಡಪ್ಪ